ಬೆಂಗಳೂರು ಬೆಳೆದ ಲೆಕ್ಕದಲ್ಲಿ ಹಳ್ಳಿಯ ಪುಟ ಎಲ್ಲಿ?

ಬೆಂಗಳೂರಿನ ಸಿಟಿ ಬಸ್ಸುಗಳ ಬೋರ್ಡುಗಳನ್ನು ಒಮ್ಮೆ ಗಮನವಿಟ್ಟು ಓದಿ. ಮಾರತಹಳ್ಳಿ, ದಾಸರಹಳ್ಳಿ, ಯಡಿಯೂರು, ಅಗರ, ದೊಮ್ಮಲೂರು, ಸಿಂಗಸಂದ್ರ, ಬೊಮ್ಮಸಂದ್ರ, ಹಲಸೂರು. ಹೆಚ್ಚಿನವು ಊರ ಹೆಸರುಗಳೇ. ‘ಸಂದ್ರ’ ಎಂದು ಕೊನೆಯಾಗುವ ಹೆಸರಿನ ಹಿಂದೆ ‘ಸಮುದ್ರ’ ಇದೆ, ಅಂದರೆ ದೊಡ್ಡ ಕೆರೆಯಿದ್ದ ಊರು. ಸಾಫ್ಟ್‌ವೇರ್ ಹುಡುಗ ಹುಡುಗಿಯರು ಪಿ.ಜಿ. ಹುಡುಕುವ ಬಿ.ಟಿ.ಎಂ. ಲೇಔಟ್ ಕೂಡ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳಷ್ಟೇ.

ಈ ನಗರ ಖಾಲಿ ಜಾಗದಲ್ಲಿ ಬೆಳೆಯಲಿಲ್ಲ. ರಾಗಿ ಹೊಲ, ಸೊಪ್ಪಿನ ಮಡಿ, ಗೋಮಾಳ, ಗುಂಡುತೋಪು, ಕೆರೆ ಅಂಗಳಗಳ ಮೇಲೆ ಬೆಳೆಯಿತು. ಬೆಂಗಳೂರು ಯಾಕೆ ಇಷ್ಟು ಬೇಗ ಬೆಳೆಯಿತು, ಬೆಳೆದು ಏನಾಯಿತು, ಇದನ್ನು ನಿಭಾಯಿಸುವುದು ಹೇಗೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ದಿನವೂ ನಡೆಯುತ್ತದೆ. ಆದರೆ ಆ ಚರ್ಚೆ ಸಾಮಾನ್ಯವಾಗಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಕಾರಿನೊಳಗಿಂದ ಕಂಡ ಚರ್ಚೆ. ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದ ನಾವು ಅದೇ ಇತಿಹಾಸವನ್ನು ನಗರದ ಅಂಚಿನಲ್ಲಿ ನಿಂತು ಓದಲು ಹೊರಟಿದ್ದೇವೆ. ಹಾಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಈ ನಗರ ಹಳ್ಳಿಗಳಿಂದ ನೆಲ, ನೀರು, ದುಡಿಯುವ ಕೈಗಳನ್ನು ಪಡೆಯುತ್ತ ಬಂದಿದೆ. ಆ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಮಾತ್ರ ಯಾರೂ ಒಂದು ಕಡೆ ಬರೆದಿಡಲಿಲ್ಲ.

ಕೆರೆ ಕಟ್ಟಿ ಪೇಟೆ ಕಟ್ಟಿದ ಕಾಲ

1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿದರೆಂದು ಓದಿದ್ದೇವೆ. ಕೋಟೆ, ಪೇಟೆಗಳ ಜೊತೆಜೊತೆಗೇ ಇಲ್ಲಿ ಕೆರೆಗಳೂ ಆದವು ಎಂಬುದನ್ನು ನೆನಪಿಡಬೇಕು. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲದ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಇದು. ಬಿದ್ದ ಮಳೆ ನಾಲ್ಕೂ ದಿಕ್ಕಿಗೆ ಹರಿದು ಹೋಗುತ್ತದೆ. ಹಾಗಾಗಿ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ, ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವಂತೆ ಸರಪಳಿ ಮಾಡಿದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಆ ಸರಪಳಿಯ ಕೊಂಡಿಗಳು.

ಪೇಟೆಯೊಳಗೆ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು ಬೀದಿ. ಪೇಟೆಯ ಹೊರಗೆ ತಿಗಳರ ಹೂವು, ತರಕಾರಿ ತೋಟಗಳು. ಕೆರೆ ತೋಟಕ್ಕೆ ನೀರು ಕೊಡುತ್ತಿತ್ತು, ತೋಟ ಪೇಟೆಗೆ ಸೊಪ್ಪು ಕೊಡುತ್ತಿತ್ತು, ಪೇಟೆಯ ಗೊಬ್ಬರ ತೋಟಕ್ಕೆ ಹೋಗುತ್ತಿತ್ತು. ಜಾತಿಯ ಕಟ್ಟುಪಾಡು, ಬರ, ಕಾಯಿಲೆ ಎಲ್ಲವೂ ಇದ್ದ ಆ ಕಾಲವನ್ನು ಸುವರ್ಣಯುಗ ಎಂದು ಹೊಗಳುವ ಆಸೆ ನಮಗಿಲ್ಲ. ಆದರೆ ಪೇಟೆಗೂ ಸುತ್ತಲ ಹಳ್ಳಿಗೂ ನಡುವೆ ಕೊಟ್ಟು ತೆಗೆದುಕೊಳ್ಳುವ ಸಂಬಂಧ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಕೆರೆ ಒಡೆದರೆ ಪೇಟೆಯವರಿಗೂ ತಿಳಿಯುತ್ತಿತ್ತು.

1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬಿಡಾರ ಹೂಡಿತು. 1831ರ ನಂತರ ಮೈಸೂರು ಸಂಸ್ಥಾನದ ಆಡಳಿತವನ್ನು ಕಮಿಷನರುಗಳು ವಹಿಸಿಕೊಂಡಾಗ ಕಚೇರಿಗಳೂ ಬೆಂಗಳೂರಿಗೆ ಬಂದವು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳಾದವು. 1864ರಲ್ಲಿ ಜೋಲಾರಪೇಟೆ ಕಡೆಯಿಂದ ರೈಲು ಬಂತು. 1876–78ರ ಭೀಕರ ಕ್ಷಾಮದಲ್ಲಿ ಹಳ್ಳಿಗಳಿಂದ ಹಸಿದ ಜನ ಗಂಜಿ ಹುಡುಕಿಕೊಂಡು ಇಲ್ಲಿಗೆ ನಡೆದು ಬಂದರು. ನಗರ ಬೆಳೆಯಲು ಇಂದು ನಾವು ಪಟ್ಟಿ ಮಾಡುವ ಕಾರಣಗಳೆಲ್ಲ ಅಂದೇ ಇದ್ದವು: ಅಧಿಕಾರದ ಕೇಂದ್ರ, ಸಾರಿಗೆ, ಉದ್ಯೋಗದ ಆಸೆ, ಹಳ್ಳಿಯ ಸಂಕಟ.

ಪ್ಲೇಗು ಕಲಿಸಿದ ಪಾಠ

1898ರ ಆಗಸ್ಟಿನಲ್ಲಿ ರೈಲಿನ ಜೊತೆಗೆ ಪ್ಲೇಗೂ ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಸಾವಿರಾರು ಜನ ಸತ್ತರು. ಉಳಿದವರಲ್ಲಿ ಬಹಳಷ್ಟು ಮಂದಿ ಊರು ಬಿಟ್ಟು ಬಯಲಿಗೆ ಹೋದರು. ಸರ್ಕಾರ ಸೋಂಕಿದ ಮನೆಗಳನ್ನು ಕೆಡವಿಸಿತು, ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬಡಾವಣೆಗಳು ಆ ಹೊತ್ತಿನಲ್ಲಿ ರೂಪುಗೊಂಡವು. ದಂಡಿನ ಭಾಗದಲ್ಲಿ ಕೆಲವು ವರ್ಷಗಳ ನಂತರ ಫ್ರೇಜರ್ ಟೌನ್ ಎದ್ದಿತು.

ಈ ಬಡಾವಣೆಗಳ ಕ್ರಮವನ್ನು ಗಮನಿಸಬೇಕು. ಮೊದಲು ನೆಲ ಅಳೆದರು. ಆಮೇಲೆ ಅಗಲವಾದ ರಸ್ತೆ, ಚರಂಡಿ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಕನ್ಸರ್ವೆನ್ಸಿ ಓಣಿ, ನಡುವೆ ಉದ್ಯಾನ. ನಿವೇಶನ ಹಂಚಿದ್ದು, ಜನ ಮನೆ ಕಟ್ಟಿದ್ದು ಕೊನೆಗೆ. ನೂರಿಪ್ಪತ್ತು ವರ್ಷ ದಾಟಿದರೂ ಆ ಬೀದಿಗಳು ಇನ್ನೂ ಉಸಿರಾಡುತ್ತಿರುವುದಕ್ಕೆ ಈ ಕ್ರಮವೇ ಕಾರಣ. ಊರು ಬೆಳೆಯುವ ಮೊದಲೇ ಯೋಜನೆ ಬರಬೇಕು ಎಂಬ ಪಾಠವನ್ನು ಬೆಂಗಳೂರು ಆಗಲೇ ಕಲಿತಿತ್ತು.

ಆ ಪಾಠದಲ್ಲಿ ಎರಡು ಕೊರತೆಗಳಿದ್ದವು. ಒಳ್ಳೆಯ ನಿವೇಶನಗಳು ಹೆಚ್ಚಾಗಿ ಓದಿಬಲ್ಲ ಮೇಲ್ಜಾತಿಗಳಿಗೆ, ಸರ್ಕಾರಿ ನೌಕರರಿಗೆ, ಅನುಕೂಲಸ್ಥರಿಗೆ ಸಿಕ್ಕವು. ಹಿಂದಿನ ಓಣಿಯಲ್ಲಿ ಮಲ ಹೊತ್ತವರ ಮನೆಗಳು ಎಲ್ಲಿರಬೇಕೆಂದು ನಕ್ಷೆ ಬರೆದವರು ಅಷ್ಟೇ ಕಾಳಜಿಯಿಂದ ಯೋಚಿಸಲಿಲ್ಲ. ಇನ್ನೊಂದು ಕೊರತೆ ಹಳ್ಳಿಯದು. ಬಸವನಗುಡಿ ಎದ್ದದ್ದು ಸುಂಕೇನಹಳ್ಳಿಯ ನೆಲದ ಮೇಲೆ. ಕಡಲೆಕಾಯಿ ಬೆಳೆಯುತ್ತಿದ್ದ ರೈತರು ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದರೆಂದು ಕಥೆ ಹೇಳುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಪರಿಷೆ ಈಗಲೂ ಜೋರಾಗಿ ನಡೆಯುತ್ತದೆ. ಆದರೆ ಕಡಲೆಕಾಯಿ ಬೇರೆ ಜಿಲ್ಲೆಗಳಿಂದ, ಪಕ್ಕದ ರಾಜ್ಯಗಳಿಂದ ಲಾರಿಯಲ್ಲಿ ಬರಬೇಕು. ಸುಂಕೇನಹಳ್ಳಿಯಲ್ಲಿ ಬಿತ್ತಲು ನೆಲ ಉಳಿದಿಲ್ಲ.

ನಲ್ಲಿ ಬಂತು, ಕೆರೆ ಬೇಡವಾಯಿತು

ಪ್ಲೇಗಿಗೂ ಸ್ವಲ್ಪ ಮೊದಲು, 1890ರ ದಶಕದ ಮಧ್ಯದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನಗರಕ್ಕೆ ನೀರು ತಂದರು. ನೀರು ದೂರದ ಊರಿನಿಂದ ಕೊಳವೆಯಲ್ಲಿ ಬರುವ ವ್ಯವಸ್ಥೆ ಬೆಂಗಳೂರಿನಲ್ಲಿ ದೊಡ್ಡದಾಗಿ ಶುರುವಾದದ್ದು ಆಗ. 1930ರ ದಶಕದಲ್ಲಿ ಅದೇ ಅರ್ಕಾವತಿಗೆ, ಕುಮುದ್ವತಿ ಸೇರುವ ಜಾಗದಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. 1974ರಲ್ಲಿ ಕಾವೇರಿ ಮೊದಲ ಹಂತ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪ್ ಮಾಡಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿನ ಬಿಲ್ಲಿಗೇ ಹೋಗುವುದು ಈ ಕಾರಣಕ್ಕೆ.

ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಊರೊಳಗಿನ ಕೆರೆಗಳ ಮೇಲಿನ ಹಂಗು ತೀರಿತು. ಸೊಳ್ಳೆ, ಮಲೇರಿಯಾ, ಗಬ್ಬುವಾಸನೆ ಎಂಬ ಕಾರಣಗಳು ಸಿಕ್ಕವು. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು, ಕರಗದ ಆಚರಣೆಗೆಂದು ಮೂಲೆಯಲ್ಲೊಂದು ಸಣ್ಣ ಕೊಳ ಉಳಿಯಿತು. ಕೋರಮಂಗಲದ ಕೆರೆ ಅಂಗಳದಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು. ನಗರದ ಹೊರವಲಯದಲ್ಲಿಯೂ ಇದೇ ನಡೆಯಿತು. ಅಚ್ಚುಕಟ್ಟು ಬಡಾವಣೆಯಾದ ಮೇಲೆ ತೂಬು ಎತ್ತುವ ಕೆಲಸವಿಲ್ಲ. ತೂಬು ಎತ್ತುವ ಕೆಲಸವಿಲ್ಲದ ಮೇಲೆ ನೀರಗಂಟಿಯೂ ಬೇಡ. ಕೆರೆ ನೋಡಿಕೊಳ್ಳುವವರು ಯಾರೂ ಇಲ್ಲದಾದಾಗ ಅದು ಕಂದಾಯ ದಾಖಲೆಯಲ್ಲಿ ಒಂದು ಸರ್ವೆ ನಂಬರ್ ಮಾತ್ರವಾಯಿತು. 1980ರ ದಶಕದಲ್ಲಿ ಲಕ್ಷ್ಮಣರಾವ್ ಸಮಿತಿ ಕೆರೆಗಳನ್ನು ಉಳಿಸುವ ದಾರಿಯನ್ನು ಹೇಳಿತು. ಅಷ್ಟರಲ್ಲಿ ಹಲವು ಕೆರೆಗಳ ಮೇಲೆ ಕಟ್ಟಡಗಳು ಎದ್ದಾಗಿತ್ತು.

ನೀರು ಕೊಟ್ಟ ಅರ್ಕಾವತಿಯೂ ಉಳಿಯಲಿಲ್ಲ. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಈ ಹೊಳೆಯ ಜಲಾನಯನದಲ್ಲಿ ಕೊಳವೆಬಾವಿ, ನೀಲಗಿರಿ, ಬಡಾವಣೆ, ಕಲ್ಲುಗಣಿ ಎಲ್ಲ ಸೇರಿ ಹರಿವನ್ನು ತಿಂದವು. ಹೆಸರಘಟ್ಟ ಮತ್ತೆ ಮತ್ತೆ ಬತ್ತಿತು. ತಿಪ್ಪಗೊಂಡನಹಳ್ಳಿಯ ನೀರು ಕುಡಿಯಲು ಬಾರದಷ್ಟು ಕೆಟ್ಟಿತು. ಹತ್ತಿರದ ಮೂಲ ಕೆಟ್ಟಾಗ ನಗರ ಇನ್ನೂ ದೂರದ ಮೂಲಕ್ಕೆ ಕೈ ಚಾಚಿತು.

ಯಾಕೆ ಬಂದರು, ಯಾರು ಬಂದರು

1901ರಲ್ಲಿ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು 1.6 ಲಕ್ಷ. 1941ರಲ್ಲಿ ಸುಮಾರು 4 ಲಕ್ಷ. 1951ರ ಹೊತ್ತಿಗೆ ಅದು 7.8 ಲಕ್ಷ. ಒಂದೇ ದಶಕದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ಎರಡನೇ ಮಹಾಯುದ್ಧದ ಸೈನ್ಯ ಶಿಬಿರಗಳು, 1940ರಲ್ಲಿ ಹುಟ್ಟಿದ ಎಚ್‌ಎಎಲ್, ಸ್ವಾತಂತ್ರ್ಯದ ಬೆನ್ನಿಗೇ 1948ರಲ್ಲಿ ಐಟಿಐ ಇದಕ್ಕೆ ಕಾರಣ. 1949ರಲ್ಲಿ ದಂಡು ಮತ್ತು ಪೇಟೆಯ ಪುರಸಭೆಗಳು ಒಂದಾಗಿ ಮಹಾನಗರ ಪಾಲಿಕೆಯಾಯಿತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1956ರಲ್ಲಿ ಬೀದರಿನಿಂದ ಚಾಮರಾಜನಗರದವರೆಗಿನ ವಿಶಾಲ ರಾಜ್ಯಕ್ಕೆ ಇದೇ ರಾಜಧಾನಿಯಾಯಿತು.

1971ರಲ್ಲಿ 16.5 ಲಕ್ಷವಿದ್ದ ಜನ 1981ರಲ್ಲಿ 29 ಲಕ್ಷವಾದರು. ಹತ್ತು ವರ್ಷದಲ್ಲಿ ಶೇ. 76ರಷ್ಟು ಏರಿಕೆ. ಬೆಂಗಳೂರು ಬೆಳೆದದ್ದು ಐ.ಟಿ.ಯಿಂದ ಎಂದು ನಂಬಿದವರು ಈ ಅಂಕಿಯನ್ನು ನೋಡಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು 1985ರಲ್ಲಿ. ಅದಕ್ಕೂ ಮೊದಲೇ ಸಾರ್ವಜನಿಕ ಉದ್ದಿಮೆಗಳು, ಪೀಣ್ಯದ ಸಣ್ಣ ಕೈಗಾರಿಕೆಗಳು, ಸರ್ಕಾರಿ ಕಚೇರಿಗಳು, ಕಾಲೇಜುಗಳು ಜನರನ್ನು ಸೆಳೆದಿದ್ದವು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಊರುಗಳ ನೆಲದಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಮಾಡಿದ್ದೂ 1970ರ ದಶಕದ ಕೊನೆಯಲ್ಲೇ. ನಂತರದ ಏರಿಕೆಗೆ ಐ.ಟಿ. ಜೊತೆಗೆ ಗಾರ್ಮೆಂಟ್ಸ್ ಕೂಡ ಸೇರಿಕೊಂಡಿತು. 1991ರಲ್ಲಿ 41 ಲಕ್ಷ, 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ.

ಇಷ್ಟು ಜನ ಬಂದದ್ದು ನಗರದ ಆಕರ್ಷಣೆಯಿಂದ ಮಾತ್ರವಲ್ಲ. ಮೂರು ತಲೆಮಾರಿನಲ್ಲಿ ಹರಿದು ಹಂಚಿಹೋದ ಒಂದೆರಡು ಎಕರೆ ಖುಷ್ಕಿ ಜಮೀನು, ಬತ್ತಿದ ಬೋರು, ತೀರದ ಸಾಲ ಹಳ್ಳಿಯಿಂದ ಜನರನ್ನು ಹೊರಗೆ ತಳ್ಳಿದವು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಕಟ್ಟಡದ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಉಳಿದು ಅಪಾರ್ಟ್‌ಮೆಂಟುಗಳನ್ನು ಕಟ್ಟಿದವು. ಕಟ್ಟಡ ಮುಗಿದ ದಿನ ಶೆಡ್ಡು ಕಿತ್ತುಕೊಂಡು ಇನ್ನೊಂದು ಕಡೆಗೆ ಹೋದವು. ರಾಮನಗರ, ಮಂಡ್ಯ, ತುಮಕೂರು ಕಡೆಯ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನಡೆಸಿದರು.

ಹಳ್ಳಿ ಬಿಟ್ಟವರೆಲ್ಲ ಇಲ್ಲಿಗೇ ಯಾಕೆ ಬಂದರು ಎಂಬುದಕ್ಕೂ ಉತ್ತರ ಅಂಕಿಗಳಲ್ಲಿದೆ. 2011ರಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಏಳು ಜನರಲ್ಲಿ ಒಬ್ಬರು ಬೆಂಗಳೂರಿನವರು. ರಾಜ್ಯದ ಇನ್ನೊಂದು ದೊಡ್ಡ ನಗರವಾದ ಹುಬ್ಬಳ್ಳಿ–ಧಾರವಾಡದಲ್ಲಿ ಇದ್ದದ್ದು ಸುಮಾರು 9.4 ಲಕ್ಷ. ಎರಡಕ್ಕೂ ನಡುವೆ ಒಂಬತ್ತು ಪಟ್ಟು ಅಂತರ. ನಡುವಿನ ಊರುಗಳು ಬೆಳೆಯದಿದ್ದಾಗ ಬಸ್ಸು ನೇರವಾಗಿ ಮೆಜೆಸ್ಟಿಕ್ಕಿಗೇ ಬಂದು ನಿಲ್ಲುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ ವರದಿಯನ್ನು ನಾವು ಪ್ರಾದೇಶಿಕ ಅಸಮಾನತೆಯ ವರದಿ ಎಂದಷ್ಟೇ ಓದುತ್ತೇವೆ. ಬೆಂಗಳೂರು ಯಾಕೆ ತುಂಬಿತು ಎಂಬುದರ ವಿವರಣೆಯೂ ಅದರಲ್ಲೇ ಇದೆ.

ಮನೆ ಮೊದಲು, ಚರಂಡಿ ಆಮೇಲೆ

ಬಸವನಗುಡಿಯ ಕ್ರಮ ಮುಂದೆ ತಲೆಕೆಳಗಾಯಿತು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. ಇವು ಜಯನಗರದಂಥ ಒಳ್ಳೆಯ ಬಡಾವಣೆಗಳನ್ನು ಕೊಟ್ಟದ್ದು ನಿಜ. ಆದರೆ ಬರುವ ಜನರ ಸಂಖ್ಯೆಗೆ ಹಂಚುವ ನಿವೇಶನ ಯಾವತ್ತೂ ಸಾಕಾಗಲಿಲ್ಲ. ಉಳಿದವರಿಗೆ ಕಂದಾಯ ನಿವೇಶನವೇ ಗತಿ. ರೈತನಿಂದ ಹೊಲ ಕೊಂಡ ಮಧ್ಯವರ್ತಿ ಸುಣ್ಣದ ಗೆರೆ ಎಳೆದು ಮೂವತ್ತು–ನಲವತ್ತರ ಸೈಟು ಮಾಡುತ್ತಿದ್ದ. ಪಂಚಾಯಿತಿ ಖಾತೆ ಕೊಡುತ್ತಿತ್ತು. ರಸ್ತೆಗೆ ಎಷ್ಟು ಕಡಿಮೆ ಜಾಗ ಬಿಟ್ಟರೆ ಅಷ್ಟು ಲಾಭ. ಮನೆ ಏಳುತ್ತಿತ್ತು, ಬೋರು ಕೊರೆಯುತ್ತಿದ್ದರು, ಹಿಂದೆ ಒಂದು ಗುಂಡಿ ತೋಡುತ್ತಿದ್ದರು. ಹತ್ತಿಪ್ಪತ್ತು ವರ್ಷದ ನಂತರ ಕೊಳಾಯಿ, ಒಳಚರಂಡಿಗಾಗಿ ಅದೇ ರಸ್ತೆಯನ್ನು ಮತ್ತೆ ಮತ್ತೆ ಅಗೆಯುತ್ತಿದ್ದರು. ‘ಬಿ ಖಾತಾ’, ‘ಅಕ್ರಮ–ಸಕ್ರಮ’ ಎಂಬ ಮಾತುಗಳು ಹುಟ್ಟಿದ್ದು ಈ ಉಲ್ಟಾ ಕ್ರಮದಿಂದ.

ತಪ್ಪು ಸೈಟು ಕೊಂಡ ಬಡವನದ್ದು ಎಂದು ಹೇಳುವುದು ಸುಲಭ. ಕಾನೂನು ಪ್ರಕಾರದ ಸೈಟು ಅವನ ಸಂಬಳಕ್ಕೆ ಎಟಕುವಂತಿರಲಿಲ್ಲ ಎಂಬುದನ್ನೂ ಜೊತೆಗೆ ಹೇಳಬೇಕು.

1984ರ ಸಮಗ್ರ ಅಭಿವೃದ್ಧಿ ಯೋಜನೆ ನಗರದ ಸುತ್ತ ಹಸಿರು ಪಟ್ಟಿಯೊಂದನ್ನು ಎಳೆಯಿತು. 1995ರಲ್ಲಿ ಪರಿಷ್ಕರಣೆ, 2007ರಲ್ಲಿ ಮತ್ತೊಂದು. ಪ್ರತಿ ಸಲವೂ ನಗರದ ಗೆರೆ ಹೊರಕ್ಕೆ ಸರಿಯಿತು, ಹಸಿರು ಹಿಂದೆ ಸರಿಯಿತು. 2031ರವರೆಗಿನ ನಕ್ಷೆಯ ಕರಡು ಬಂದು ವಾಪಸ್ಸೂ ಹೋಯಿತು. ಯೋಜನೆ ಜನರಿಗಿಂತ ಮುಂದೆ ನಡೆಯಬೇಕಿತ್ತು. ಇಲ್ಲಿ ಅದು ಜನ ಕಟ್ಟಿದ್ದನ್ನು ಹಿಂದಿನಿಂದ ಬಂದು ದಾಖಲೆ ಮಾಡುವ ಕೆಲಸವಾಯಿತು.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ ಹಳೆಯ ಪಾಲಿಕೆಯ ಜೊತೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿದವು. ಸುಮಾರು 226 ಚದರ ಕಿಲೋಮೀಟರ್ ಇದ್ದ ವ್ಯಾಪ್ತಿ 700ಕ್ಕೂ ಹೆಚ್ಚಾಯಿತು. ಒಂದು ಆದೇಶದಿಂದ ಆ 110 ಹಳ್ಳಿಗಳ ಜನ ನಗರವಾಸಿಗಳಾದರು. ಗ್ರಾಮ ಪಂಚಾಯಿತಿ ಹೋಯಿತು. ಗ್ರಾಮಸಭೆ ಹೋಯಿತು. ಉದ್ಯೋಗ ಖಾತ್ರಿ ಗ್ರಾಮೀಣರಿಗೆ ಮಾತ್ರವಾದ್ದರಿಂದ ಆ ಹಕ್ಕೂ ಅಲ್ಲಿಗೆ ಬರದಂತಾಯಿತು. ನಗರದ ಆಸ್ತಿ ತೆರಿಗೆ ತಕ್ಷಣ ಬಂತು. ನಗರದ ನೀರು ಬರಲಿಲ್ಲ. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಟ್ಯಾಂಕರು ಮತ್ತು ಬೋರ್‌ವೆಲ್ಲಿನದೇ ರಾಜ್ಯ. ಐದನೇ ಹಂತ ಬರುವ ಕೆಲವೇ ತಿಂಗಳ ಮೊದಲು, 2024ರ ಬೇಸಿಗೆಯಲ್ಲಿ, ಸಾವಿರಾರು ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ನೀರಿನ ಬರ ದೇಶದ ಸುದ್ದಿಯಾಯಿತು.

ನಗರ ಹಿಂದಿರುಗಿಸಿದ್ದೇನು?

ಕಾವೇರಿಯ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ನೀರು ನಗರಕ್ಕೆ ಬರುತ್ತಿತ್ತು. ಮನೆಗೆ ಬಂದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಂದರೆ ನೀರು ತರುವ ಒಂದೊಂದು ಯೋಜನೆಯೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕೊಳಚೆ ನೀರಿನ ಯೋಜನೆ. ನೀರಿನ ಯೋಜನೆಗೆ ಉದ್ಘಾಟನೆ, ಹಾರ, ಜಾಹೀರಾತು ಇರುತ್ತವೆ. ಕೊಳಚೆ ರಾಜಕಾಲುವೆ ಹಿಡಿದು ಸದ್ದಿಲ್ಲದೆ ಹಳ್ಳಿ ಕಡೆಗೆ ಹೊರಡುತ್ತದೆ.

ವೃಷಭಾವತಿಯ ಕಥೆ ನೋಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆಂದು ಜನ ನಂಬಿದ ಹೊಳೆ ಅದು. ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಗೆ ಹರಿದು, ನಗರದ ಪಶ್ಚಿಮ ಭಾಗದ ಕೊಳಚೆ, ಕಾರ್ಖಾನೆಗಳ ರಾಸಾಯನಿಕ ಎಲ್ಲವನ್ನೂ ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಆ ಕೆರೆ ಕಟ್ಟಿದ್ದು ಹೊಲಗದ್ದೆಗಳಿಗೆ ನೀರುಣಿಸಲು. ಅಚ್ಚುಕಟ್ಟಿನ ರೈತರು ದಶಕಗಳಿಂದ ನೊರೆ ನೀರಿನಲ್ಲೇ ಬೇಸಾಯ ಮಾಡಿದ್ದಾರೆ. ಬಾವಿಗಳ ನೀರು ಕೆಟ್ಟಿತು, ಬೆಳೆ ಬದಲಾಯಿತು. ವೃಷಭಾವತಿ ಅಲ್ಲಿಂದ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ನಾವು ಶುದ್ಧೀಕರಿಸಿ ಕುಡಿದ ನದಿಗೇ ನಮ್ಮ ಕೊಳೆ ಸೇರುತ್ತದೆ.

ಪೂರ್ವ ದಿಕ್ಕಿನ ಕಣಿವೆಯಲ್ಲಿ ಬೆಳ್ಳಂದೂರು ಕೆರೆ. 2015ರಿಂದ ಈಚೆಗೆ ಅದರ ನೊರೆ ರಸ್ತೆಗೆ ಹಾರಿದ್ದನ್ನು, ನೀರಿನ ಮೇಲೇ ಬೆಂಕಿ ಹತ್ತಿದ್ದನ್ನು ಪ್ರಪಂಚವೇ ನೋಡಿತು. ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು. ಸಾವಿರ ಅಡಿ ಕೊರೆದರೂ ನೀರಿಲ್ಲದ ಕೋಲಾರದಲ್ಲಿ ಕೆರೆ ತುಂಬಿದ್ದು, ಅಂತರ್ಜಲ ಮೇಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಶುರುವಿನಲ್ಲೇ ಅಲ್ಲಿಯ ಕೆರೆಯಲ್ಲೂ ನೊರೆ ಎದ್ದಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಮೂರನೇ ಹಂತದ ಸಂಸ್ಕರಣೆ ಬೇಕು ಎಂಬ ರೈತರ ಬೇಡಿಕೆ ಹಾಗೇ ಉಳಿಯಿತು. ಬರದ ಸೀಮೆಗೆ ಇಷ್ಟು ಸಾಕು ಎಂಬ ಧೋರಣೆ ಇದರ ಹಿಂದೆ ಇದೆಯೇ ಎಂದು ಕೋಲಾರದವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಕಸದ ದಾರಿಯೂ ಇದೇ. ಮಾವಳ್ಳಿಪುರ ಮತ್ತು ಮಂಡೂರಿನಲ್ಲಿ ವರ್ಷಗಟ್ಟಲೆ ನಗರದ ಕಸ ಬೆಟ್ಟವಾಗಿ ಬೆಳೆಯಿತು. 2012ರಲ್ಲಿ ಮಾವಳ್ಳಿಪುರ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿ ಬಿತ್ತು. 2014ರಲ್ಲಿ ಮಂಡೂರಿನವರು ರಸ್ತೆಗೆ ಇಳಿದ ಮೇಲೆ ಡಿಸೆಂಬರ್ 1ರಿಂದ ಅಲ್ಲಿ ಕಸ ಸುರಿಯುವುದು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದು ನಗರ ಗಂಭೀರವಾಗಿ ಯೋಚಿಸಿದ್ದು ಹಳ್ಳಿಯವರು ಲಾರಿ ತಡೆದ ಮೇಲೆ.

ನಿಭಾಯಿಸುವ ದಾರಿ

ನಗರದ ಬೆಳವಣಿಗೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಊರಲ್ಲಿ ಜಾತಿಯ ಉಸಿರುಗಟ್ಟುವಿಕೆಯಿಂದ ತಪ್ಪಿಸಿಕೊಂಡು ಬಂದವರಿಗೆ, ಓದಿದ ಹೆಣ್ಣುಮಕ್ಕಳಿಗೆ, ಕೂಲಿ ಸಿಗದ ಕುಟುಂಬಗಳಿಗೆ ಈ ನಗರ ಅನ್ನ ಕೊಟ್ಟಿದೆ, ಬಿಡುಗಡೆಯನ್ನೂ ಕೊಟ್ಟಿದೆ. ಕೇಳಬೇಕಾದದ್ದು ಬೆಳವಣಿಗೆಯ ಕ್ರಮವನ್ನು ಯಾರು ತೀರ್ಮಾನಿಸುತ್ತಾರೆ ಎಂಬುದನ್ನು.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಮಹಾನಗರ ಪ್ರದೇಶಕ್ಕೆ ಒಂದು ಮಹಾನಗರ ಯೋಜನಾ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಸಮಿತಿಯ ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ಆ ಪ್ರದೇಶದ ನಗರಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿನಿಂದ ಆರಿಸಬೇಕು. ಅಂದರೆ ನಗರದ ನಕ್ಷೆ ಬರೆಯುವ ಕೋಣೆಯಲ್ಲಿ ಪಂಚಾಯಿತಿ ಅಧ್ಯಕ್ಷೆಗೂ ಒಂದು ಕುರ್ಚಿ ಇರಬೇಕೆಂದು ಸಂವಿಧಾನವೇ ಹೇಳಿದೆ. ಬೆಂಗಳೂರಿನಲ್ಲಿ ಸಮಿತಿ ರಚನೆಯಾದದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ಅದೂ ಕಾಗದದ ಮೇಲೆಯೇ ಹೆಚ್ಚು ಉಳಿಯಿತು. ನಗರದೊಳಗಿನ ಪ್ರಜಾಪ್ರಭುತ್ವದ ಕಥೆಯೂ ಬೇರೆಯಲ್ಲ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಪಾಲಿಕೆಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದಾಗಲೂ ಅಧಿಕಾರಿಗಳದೇ ಆಡಳಿತವಿತ್ತು.

ಎರಡನೆಯದು ಕ್ರಮದ ಮಾತು. ಹೊಸದಾಗಿ ನಗರಕ್ಕೆ ಸೇರುವ ಊರಿಗೆ ನೀರು, ಒಳಚರಂಡಿ, ಬಸ್ಸು ಬರುವ ಮೊದಲು ನಗರದ ತೆರಿಗೆ ಬರಬಾರದು. ನೀರಿನ ಯೋಜನೆ ಮಂಜೂರಾಗುವ ದಿನವೇ ಅದರ ಕೊಳಚೆ ಎಲ್ಲಿ ಶುದ್ಧವಾಗುತ್ತದೆ, ಯಾವ ಊರಿನ ಮೂಲಕ ಹರಿಯುತ್ತದೆ ಎಂಬುದೂ ಮಂಜೂರಾಗಬೇಕು. ಕೂಲಿಯವರಿಗೆ ಬಾಡಿಗೆಗೆ ಸಿಗುವ ಮನೆಗಳು ಯೋಜನೆಯೊಳಗೇ ಇರಬೇಕು. ಊರೊಳಗಿನ ಕೆರೆ, ರಾಜಕಾಲುವೆಗಳನ್ನು ಮಳೆನೀರಿನ ಮೂಲ ಎಂದೇ ನೋಡಿಕೊಂಡರೆ ದೂರದ ನದಿಯ ಮೇಲಿನ ಭಾರ ಸ್ವಲ್ಪವಾದರೂ ಇಳಿಯುತ್ತದೆ.

ಮೂರನೆಯದು ಬೆಂಗಳೂರಿನ ಹೊರಗಿನ ಕೆಲಸ. ನಂಜುಂಡಪ್ಪ ವರದಿಯ ತಾಲ್ಲೂಕುಗಳಲ್ಲಿ ನೀರಾವರಿ, ಆಸ್ಪತ್ರೆ, ಕಾಲೇಜು, ಸಣ್ಣ ಉದ್ದಿಮೆ ಬಂದರೆ ಗುಳೆ ಹೋಗುವ ಬಸ್ಸು ಅಷ್ಟು ಕಿಕ್ಕಿರಿಯುವುದಿಲ್ಲ. ಸುರಪುರದ ತಾಯಿಯೊಬ್ಬಳು ಮಗುವನ್ನು ಶೆಡ್ಡಿನಲ್ಲಿ ಬೆಳೆಸಬೇಕಾಗಿ ಬರುವುದಕ್ಕೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಇಕ್ಕಟ್ಟಿಗೂ ಬೇರು ಒಂದೇ.

ಮುಂದಿನ ಸುತ್ತಿನ ಹಳ್ಳಿಗಳು

ಇದು ಮುಗಿದ ಇತಿಹಾಸವಲ್ಲ. ಪೆರಿಫೆರಲ್ ರಿಂಗ್ ರಸ್ತೆಗೆಂದು 2000ದ ದಶಕದಲ್ಲೇ ಗುರುತಿಸಿದ ಜಮೀನುಗಳ ರೈತರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅತ್ತ ಪರಿಹಾರವೂ ಇಲ್ಲದೆ, ಇತ್ತ ಮಾರಲೂ ಕಟ್ಟಲೂ ಆಗದೆ ಕಾದರು. 2020ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ವೃಷಭಾವತಿಯ ಕೊಳಚೆ ಉಂಡ ಬೈರಮಂಗಲದ ಸುತ್ತಲೇ ಈಗ ಹೊಸ ಉಪನಗರದ ಯೋಜನೆ ಬಂದಿದೆ, ರೈತರು ಅದನ್ನು ವಿರೋಧಿಸಿ ಕೂತಿದ್ದಾರೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ತೆಗೆದುಕೊಳ್ಳಲು ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿತು. ಇಚ್ಛೆಯಿಂದ ಕೊಡುವವರು ಕೊಡಬಹುದು, ಬಲವಂತವಿಲ್ಲ ಎಂದಿತು. ನಗರದ ಮುಂದೆ ಹಳ್ಳಿಯ ಒಪ್ಪಿಗೆ ಒಂದು ವಿಷಯವೇ ಆದದ್ದು ಅಪರೂಪ. ಅದಕ್ಕೆ ಮೂರು ವರ್ಷದ ಧರಣಿ ಬೇಕಾಯಿತು ಎಂಬುದನ್ನೂ ಮರೆಯಬಾರದು.

ಇದನ್ನು ಓದುತ್ತಿರುವ ನಿಮ್ಮ ಊರು ಹೊಸಕೋಟೆ, ದಾಬಸ್‌ಪೇಟೆ, ಆನೇಕಲ್ ಕಡೆ ಇರಬಹುದು. ಹುಬ್ಬಳ್ಳಿ, ಮೈಸೂರು, ಕಲಬುರಗಿ, ತುಮಕೂರಿನ ಬೈಪಾಸಿನ ಪಕ್ಕದಲ್ಲೂ ಇರಬಹುದು. ಬೆಂಗಳೂರು ನೂರು ವರ್ಷದಲ್ಲಿ ನಡೆದ ದಾರಿಯನ್ನು ಆ ಊರುಗಳು ಇಪ್ಪತ್ತು ವರ್ಷದಲ್ಲಿ ನಡೆಯುತ್ತಿವೆ. ನಿಮ್ಮ ಪಂಚಾಯಿತಿಯನ್ನು ನಗರಕ್ಕೆ ಸೇರಿಸುವ ಮಾತು ಬಂದಾಗ, ಗ್ರಾಮಸಭೆ ಎಂಬುದು ಇನ್ನೂ ಇರುವಾಗಲೇ, ನಾಲ್ಕು ಪ್ರಶ್ನೆಗಳನ್ನು ಎದ್ದು ನಿಂತು ಕೇಳಿ. ನಮ್ಮ ಕೆರೆ ಮತ್ತು ಗೋಮಾಳದ ಅಳತೆ ಇವತ್ತು ಎಷ್ಟು, ನಾಳೆ ಯಾರ ಹೆಸರಿಗೆ? ನಲ್ಲಿ ನೀರು ಯಾವ ವರ್ಷ ಬರುತ್ತದೆ? ಕೊಳಚೆ ಯಾವ ಊರಿಗೆ ಹೋಗುತ್ತದೆ? ಜಮೀನಿಲ್ಲದ ಕೂಲಿಯವರ ಮನೆ ನಕ್ಷೆಯಲ್ಲಿ ಎಲ್ಲಿದೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಒಂದು ನಕಲು ಇಟ್ಟುಕೊಳ್ಳಿ. ಸುಂಕೇನಹಳ್ಳಿಯವರ ಬಳಿ ಅಂಥದೊಂದು ನಕಲು ಇದ್ದಿದ್ದರೆ ನಾವು ಈ ಇತಿಹಾಸವನ್ನು ಬೇರೆ ರೀತಿ ಬರೆಯುತ್ತಿದ್ದೆವು.